ರಟ್ಟಿನ ಮನೆಗಳ ರಾತ್ರಿ

ಡಿಸೆಂಬರ್ ಬಂತೆಂದರೆ ಮನೆಯಲ್ಲಿದ್ದ ಖಾಲಿ ರಟ್ಟಿನ ಪೆಟ್ಟಿಗೆಗಳೆಲ್ಲ ಮಕ್ಕಳ ಸ್ವತ್ತು. ಹೈಟಿಯ ರಾಜಧಾನಿ ಪೋರ್ಟ್ ಔ ಪ್ರಿನ್ಸ್‌ನ ಗುಡ್ಡದ ಕೇರಿಗಳಲ್ಲಿ ಎಪ್ಪತ್ತರ ದಶಕದಲ್ಲಿ ಬೆಳೆದವರನ್ನು ಮಾತಿಗೆಳೆದರೆ ಕ್ರಿಸ್‌ಮಸ್ಸಿನ ನೆನಪು ಶುರುವಾಗುವುದು ಬ್ಲೇಡು, ಅಂಟು, ಬಣ್ಣದ ಕಾಗದಗಳಿಂದ. ಅಣ್ಣ ರಟ್ಟು ಕೊಯ್ದು ಗೋಡೆ ಎಬ್ಬಿಸುತ್ತಾನೆ. ಕಿಟಕಿ, ಬಾಗಿಲು, ಜಾಲಂದ್ರ ಎಲ್ಲವೂ ಬ್ಲೇಡಿನ ಮೊನೆಯಲ್ಲೇ ಮೂಡಬೇಕು. ಕೈ ಕೊಂಚ ಜಾರಿದರೂ ಗೋಡೆ ಹರಿದು ಮೊದಲಿನಿಂದ ಶುರು. ಆ ಕಂಡಿಗಳಿಗೆ ಒಳಗಿನಿಂದ ಕೆಂಪು, ಹಸಿರು, ಹಳದಿ ತೆಳುಕಾಗದ ಅಂಟಿಸುವುದು ಕಿರಿಯರ ಕೆಲಸ. ಒಳಗೊಂದು ಮೇಣದಬತ್ತಿ ನಿಲ್ಲಿಸಿದರೆ ಫನಾಲ್ ಸಿದ್ಧ. ನಮ್ಮ ಆಕಾಶಬುಟ್ಟಿಯ ದೂರದ ನೆಂಟ ಎನ್ನಬಹುದು. ಆದರೆ ಇದರ ಆಕಾರ ಹೆಚ್ಚಾಗಿ ಪೂರಾ ಒಂದು ಇಗರ್ಜಿ, ಇಲ್ಲವೇ ಒಂದು ಮನೆ.

ಅದೂ ಅಂತಿಂಥ ಮನೆಯಲ್ಲ. 19ನೇ ಶತಮಾನದ ಕೊನೆಗೆ ಆ ಊರಿನ ಸಿರಿವಂತರು ಕಟ್ಟಿಸಿಕೊಂಡ, ಜಿಂಜರ್‌ಬ್ರೆಡ್ ಎಂದು ಹೆಸರಾದ ಮನೆಗಳು: ಚೂಪು ಚಾವಣಿ, ಆಳೆತ್ತರ ಮೀರಿದ ಬಾಗಿಲುಗಳು, ಸೂರಿನುದ್ದಕ್ಕೂ ನವುರಾದ ಮರಗೆತ್ತನೆ. ತಾನು ಹೊಸ್ತಿಲು ತುಳಿಯಲಾಗದ ಬಂಗಲೆಯನ್ನು ಕೇರಿಯ ಹುಡುಗ ರಟ್ಟಿನಲ್ಲಿ ಕಟ್ಟಿ, ದೀಪ ಹಚ್ಚಿ, ಕೈಯಲ್ಲಿ ಹಿಡಿದು ಬೀದಿ ಸುತ್ತುತ್ತಿದ್ದ. ಮುಂದೆ 2010ರ ಜನವರಿ 12ರಂದು ಭೂಮಿ ನಡುಗಿದಾಗ ಕಾಂಕ್ರೀಟಿನ ಕಟ್ಟಡಗಳು ಸಾಲುಸಾಲಾಗಿ ಕುಸಿದವು, ಮಹಾ ಇಗರ್ಜಿಯೂ ಬಿತ್ತು. ಬಾಗಿ ಬಳುಕಬಲ್ಲ ಮರದ ಚೌಕಟ್ಟಿನ ಈ ಹಳೆಯ ಮನೆಗಳು ಮಾತ್ರ ಬಹುಪಾಲು ಉಳಿದುಕೊಂಡವು.

ಕರೆಂಟು ಹೋಗುವುದು ಅಲ್ಲಿ ನಿತ್ಯದ ಮಾತು. ಕತ್ತಲಿಗೆ ಇನ್ನೊಂದು ಭಯವೂ ಇತ್ತು. ಹೈಟಿಯ ಜನಪದದಲ್ಲಿ ಇಬ್ಬರು ಮಾಮಂದಿರು. ಒಬ್ಬ ಟೊಂಟೊನ್ ನ್ವೆಲ್, ಒಳ್ಳೆಯ ಮಕ್ಕಳಿಗೆ ಉಡುಗೊರೆ ತರುವವನು. ಇನ್ನೊಬ್ಬ ಟೊಂಟೊನ್ ಮಕೂಟ್, ತುಂಟ ಮಕ್ಕಳನ್ನು ಹುಲ್ಲಿನ ಜೋಳಿಗೆಗೆ ತುಂಬಿಕೊಂಡು ಹೋಗುವ ಗುಮ್ಮ. 1957ರಲ್ಲಿ ಅಧಿಕಾರಕ್ಕೆ ಬಂದ ಫ್ರಾನ್ಸ್ವಾ ಡುವಾಲಿಯೆ ತನ್ನದೇ ಒಂದು ಪಡೆ ಕಟ್ಟಿದಾಗ ಜನ ಅದನ್ನು ಕರೆದದ್ದು ಈ ಗುಮ್ಮನ ಹೆಸರಿನಿಂದಲೇ. ರಾತ್ರಿ ಬಾಗಿಲು ತಟ್ಟಿ ಕರೆದೊಯ್ದವರಲ್ಲಿ ಅನೇಕರು ಮರಳಲಿಲ್ಲ. ತಂದೆಯ ನಂತರ ಮಗನ ಆಳ್ವಿಕೆ; ಅದು ಮುಗಿದದ್ದು 1986ರಲ್ಲಿ. ಅಂಥ ಊರಿನಲ್ಲಿ ಇಪ್ಪತ್ನಾಲ್ಕನೆಯ ತಾರೀಖು ಮಕ್ಕಳಿಗೆ ರಾತ್ರಿಯನ್ನೇ ಬಿಟ್ಟುಕೊಡುತ್ತಿದ್ದರು ಎಂಬುದು ನನಗೆ ಇಂದಿಗೂ ಸೋಜಿಗ.

ಬಿಟ್ಟುಕೊಡುವುದೆಂದರೆ ನಿಜವಾಗಿಯೂ ಬಿಟ್ಟುಕೊಡುವುದೇ. ಬಾಗಿಲುಗಳು ಬೆಳಗಿನವರೆಗೂ ತೆರೆದೇ ಇರುತ್ತವೆ. ಇಗರ್ಜಿಗೆ ಹೊರಟವರು ಮಧ್ಯರಾತ್ರಿಯ ಪೂಜೆಗೆ ಹೋಗುತ್ತಾರೆ, ಉಳಿದವರು ಹೊಸ್ತಿಲಲ್ಲಿ ಹರಟುತ್ತಾರೆ. ಯಾವ ಮಗು ಯಾರ ಮನೆಯಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ದೊಡ್ಡವು ಚಿಕ್ಕವನ್ನು ನೋಡಿಕೊಂಡರೆ ಮುಗಿಯಿತು. ಸೋಂಪಿನ ಎಲೆ ನೆನೆಸಿದ ರಮ್ಮಿಗೆ ಸಕ್ಕರೆ ಬೆರೆಸಿದ ಅನಿಜೆಟ್ ಎಂಬ ಪಾನೀಯ ಆ ರಾತ್ರಿ ಮಕ್ಕಳಿಗೂ ಒಂದೆರಡು ಗುಟುಕು ಸಿಗುತ್ತದೆ. ಹುಬ್ಬೇರಿಸುವವರು ಏರಿಸಲಿ.

ಪೂಜೆ ಮುಗಿಸಿ ಬಂದ ಮೇಲೆ ರೆವೆಯೊಂ, ಅಂದರೆ ನಡುರಾತ್ರಿಯ ಹಬ್ಬದೂಟ. ಹುಳಿ ಕಿತ್ತಳೆಯ ರಸದಲ್ಲಿ ನೆನೆಸಿ, ಬೇಯಿಸಿ, ಆಮೇಲೆ ಕರಿದ ಹಂದಿಮಾಂಸ ಗ್ರಿಯೊ. ಜೊತೆಗೆ ಎಲೆಕೋಸು, ಕ್ಯಾರೆಟ್ಟನ್ನು ಉರಿಖಾರದ ಮೆಣಸಿನೊಡನೆ ವಿನೆಗರಿನಲ್ಲಿ ಹಾಕಿಟ್ಟ ಪಿಕ್ಲಿಜ್. ಒಣಗಿದ ಕಪ್ಪು ಅಣಬೆ ನೆನೆಸಿದ ನೀರಿನಲ್ಲೇ ಅಕ್ಕಿ ಬೇಯಿಸಿದರೆ ಅನ್ನವೂ ಕಪ್ಪಗಾಗುತ್ತದೆ. ಅದರ ಘಮಕ್ಕೆ ಅಡುಗೆಮನೆಯ ಬಾಗಿಲಲ್ಲಿ ಮಕ್ಕಳ ಗುಂಪು ಕದಲುವುದಿಲ್ಲ. ಕರಿದು, ಒತ್ತಿ ಚಪ್ಪಟೆ ಮಾಡಿ, ಮತ್ತೆ ಕರಿದ ಬಾಳೆಕಾಯಿ ತಟ್ಟೆ ಸೇರುವ ಮೊದಲೇ ಖಾಲಿ.

ಮಲಗುವ ಮುಂಚೆ ಒಂದು ಕೆಲಸ ಬಾಕಿ. ತಿಕ್ಕಿ ಹೊಳಪಿಸಿದ ಬೂಟುಗಳಿಗೆ ಒಣಹುಲ್ಲು ತುಂಬಿ ಜಗಲಿಯಲ್ಲೋ ಪೈನ್ ಕೊಂಬೆಯ ಬುಡದಲ್ಲೋ ಇಡಬೇಕು. ಟೊಂಟೊನ್ ನ್ವೆಲ್ ಹುಲ್ಲು ತೆಗೆದುಕೊಂಡು ಅದರ ಜಾಗದಲ್ಲಿ ಉಡುಗೊರೆ ಇಡುತ್ತಾನೆ. ಮರುದಿನ ದೊಡ್ಡವರೆಲ್ಲ ಮಧ್ಯಾಹ್ನದವರೆಗೂ ನಿದ್ದೆ.

ಹಬ್ಬ ಅಲ್ಲಿಗೇ ಮುಗಿಯುವುದಿಲ್ಲ. ಜನವರಿ 1 ಹೈಟಿಯ ಸ್ವಾತಂತ್ರ್ಯ ದಿನ. 1804ರಲ್ಲಿ ಫ್ರೆಂಚರನ್ನು ಸೋಲಿಸಿ ಗುಲಾಮರು ತಮ್ಮದೇ ದೇಶ ಕಟ್ಟಿದ ದಿನ. ತಾವೇ ಬೆಳೆದು ಒಡೆಯರಿಗೆ ಬಡಿಸುತ್ತಿದ್ದ, ತಮಗೆ ನಿಷಿದ್ಧವಾಗಿದ್ದ ಕುಂಬಳದ ಸೂಪನ್ನು ಅಂದು ಎಲ್ಲರೂ ಕುಡಿದರೆಂದು ಹಿರಿಯರು ಹೇಳುತ್ತಾರೆ. ಆ ಸೂಪ್ ಜುಮು 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಪಕ್ಕದ ಮನೆಗೆ ಪಾತ್ರೆಯಲ್ಲಿ ಬಿಸಿ ಸೂಪು ಒಯ್ಯುವ ಮಕ್ಕಳಿಗೆ ಪಟ್ಟಿಯ ಹಂಗಿಲ್ಲ, ದಾರಿಯಲ್ಲಿ ಚೆಲ್ಲದಿದ್ದರೆ ಸಾಕು.

2021ರಲ್ಲಿ ಅಧ್ಯಕ್ಷ ಜೊವೆನೆಲ್ ಮೊಯೀಸ್ ಹತ್ಯೆಯಾದ ಮೇಲೆ ರಾಜಧಾನಿಯ ಬಹುಭಾಗ ಬಂದೂಕಿನ ಗುಂಪುಗಳ ಕೈಗೆ ಹೋಗಿದೆ. ಹೊತ್ತು ಮುಳುಗಿದ ಮೇಲೆ ಬೀದಿಗಿಳಿಯುವುದೇ ಕಷ್ಟ. ದೇಶ ಬಿಟ್ಟವರು ಮಯಾಮಿಯ ಲಿಟಲ್ ಹೈಟಿಯಲ್ಲಿ, ಬ್ರೂಕ್ಲಿನ್ನಿನಲ್ಲಿ, ಮಾಂಟ್ರಿಯಲ್‌ನಲ್ಲಿ ಸೂಪು ಕುದಿಸುತ್ತಾರೆ. ಬಾಗಿಲು ತೆರೆದಿಡುವ ಪದ್ಧತಿ ಮಾತ್ರ ದಾಟಿ ಬಂದಿಲ್ಲ. ಮಾಂಟ್ರಿಯಲ್ಲಿನ ಚಳಿಗೆ ಯಾರು ತೆರೆದಾರು? ತೆಂಗಿನಹಾಲು, ಗಟ್ಟಿಹಾಲು, ಚಕ್ಕೆ, ಜಾಯಿಕಾಯಿ ಸೇರಿಸಿ ಮಾಡುವ ಕ್ರೆಮಾಸ್ ಬಾಟಲಿಗಳು ಮಾತ್ರ ಮನೆಯಿಂದ ಮನೆಗೆ ಓಡಾಡುತ್ತಲೇ ಇವೆ. ಅದಕ್ಕೆ ಒಳ್ಳೆಯ ರಮ್ ಹಾಕಬೇಕೋ, ಹಳ್ಳಿಯ ಭಟ್ಟಿಯ ಕ್ಲೆರೆನ್ ಹಾಕಬೇಕೋ ಎಂಬ ಜಗಳವೂ ಹಾಗೇ ನಡೆದಿದೆ. ಪ್ರತಿ ಮನೆಯ ಅಜ್ಜಿಯೂ ತನ್ನದೇ ಸರಿ ಎನ್ನುತ್ತಾಳೆ, ಅಳತೆಯನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.