ಲಂಡನ್ನಿನ ಮೆರವಣಿಗೆ, ಊರಿನ ಆತಂಕ

2023ರ ನವೆಂಬರ್ 11, ಶನಿವಾರ. ಲಂಡನ್ನಿನಲ್ಲಿ ಸಂಜೆ ನಾಲ್ಕು, ಊರಿನಲ್ಲಿ ರಾತ್ರಿ ಒಂಬತ್ತೂವರೆ. ಅಮ್ಮ ಕರೆ ಮಾಡಿದ್ದರು: ‘ಟಿ.ವಿ.ಯಲ್ಲಿ ನಿಮ್ಮೂರಿನದೇ ಸುದ್ದಿ. ಏನು ಗಲಾಟೆಯೋ, ನೀನು ಹೊರಗೆ ಕಾಲಿಡಬೇಡ ಮಗಾ.’

ಅಂದು ಹೈಡ್ ಪಾರ್ಕಿನಿಂದ ಅಮೆರಿಕದ ರಾಯಭಾರ ಕಚೇರಿಯತ್ತ ಪ್ಯಾಲೆಸ್ಟೀನ್ ಪರ ಮೆರವಣಿಗೆ ಸಾಗಿತ್ತು. ಪೊಲೀಸರ ಅಂದಾಜಿನಂತೆ ಸುಮಾರು ಮೂರು ಲಕ್ಷ ಜನ. ಅದರ ಬಹುಭಾಗ ಶಾಂತವಾಗಿಯೇ ನಡೆಯಿತು. ಯುದ್ಧಸ್ಮಾರಕದ ಬಳಿ ಪೊಲೀಸರೊಡನೆ ಸೆಣಸಾಡಿದವರು ಮೆರವಣಿಗೆಯನ್ನು ವಿರೋಧಿಸಲು ಬಂದಿದ್ದ ಬಲಪಂಥೀಯ ಗುಂಪುಗಳವರು.

ಅದು ಹುತಾತ್ಮ ಯೋಧರ ಸ್ಮರಣೆಯ ದಿನವೂ ಹೌದು. ಪ್ರಧಾನಿ ರಿಷಿ ಸುನಕ್ ಮೆರವಣಿಗೆಯ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ತೋರಿದ್ದರು. ಗೃಹ ಸಚಿವೆ ಸುಯೆಲ್ಲಾ ಬ್ರೇವರ್‌ಮನ್ ಇಂಥವನ್ನು ದ್ವೇಷದ ಮೆರವಣಿಗೆಗಳೆಂದು ಕರೆದಿದ್ದರು. ಆದರೂ ನಿಷೇಧವಾಗಲಿಲ್ಲ. 1986ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯಂತೆ, ಷರತ್ತುಗಳಿಂದ ಗಂಭೀರ ಗಲಭೆಯನ್ನು ತಡೆಯಲಾಗದು ಎಂದು ಮೊದಲು ಪೊಲೀಸ್ ಆಯುಕ್ತರಿಗೆ ಮನವರಿಕೆಯಾಗಬೇಕು; ಸಚಿವರ ಒಪ್ಪಿಗೆ ಆಮೇಲಿನ ಮಾತು. ಆಯುಕ್ತ ಮಾರ್ಕ್ ರೌಲಿ ಅಂಥ ಪರಿಸ್ಥಿತಿ ಇಲ್ಲವೆಂದರು. ಪೊಲೀಸರು ಪಕ್ಷಪಾತಿಗಳೆಂದು ಪತ್ರಿಕೆಯಲ್ಲಿ ಬರೆದಿದ್ದ ಸಚಿವೆಯೇ ಎರಡು ದಿನಗಳ ಬಳಿಕ ಹುದ್ದೆ ಕಳೆದುಕೊಂಡರು.

ಹಾಗೆಂದು ಬ್ರಿಟನ್ ಎಲ್ಲವನ್ನೂ ಸಹಿಸುತ್ತದೆ ಎಂದಲ್ಲ. ಖಿಲಾಫತ್ ಸ್ಥಾಪನೆಯ ಗುರಿಯೊಡನೆ 1953ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿದ ಹಿಜ್ಬ್ ಉತ್ ತಹ್ರೀರ್ ಸಂಘಟನೆಯನ್ನು ಜರ್ಮನಿ 2003ರಲ್ಲೇ ನಿಷೇಧಿಸಿತು. ಬ್ರಿಟನ್ನಿನಲ್ಲಿ ಪ್ರಧಾನಿ ಟೋನಿ ಬ್ಲೇರ್ 2005ರಲ್ಲಿ ನಿಷೇಧದ ಮಾತಾಡಿದರೂ ಅದು ಕೈಗೂಡಲಿಲ್ಲ. ಹಮಾಸ್ ದಾಳಿಯನ್ನು ಆ ಸಂಘಟನೆ ಕೊಂಡಾಡಿದ ಮೇಲೆ, 2024ರ ಜನವರಿ 19ರಂದು ನಿಷೇಧ ಜಾರಿಗೆ ಬಂತು. ಮುಸ್ಲಿಂ ಬ್ರದರ್‌ಹುಡ್ ವಿಷಯದಲ್ಲಿ ಡೇವಿಡ್ ಕ್ಯಾಮರೂನ್ 2014ರಲ್ಲಿ ಪರಿಶೀಲನೆ ನಡೆಸಿದರು. ಮರುವರ್ಷ ವರದಿಯ ಸಾರಾಂಶ ಹೊರಬಿದ್ದಾಗ ನಿಗಾ ಬಿಗಿಯಾಯಿತೇ ಹೊರತು ನಿಷೇಧವಾಗಲಿಲ್ಲ.

ಇಲ್ಲಿ ವಿಚಾರಕ್ಕೊಂದು, ಸಂಘಟನೆಗೊಂದು, ಬೀದಿಗಿಳಿದ ಜನರಿಗೊಂದು ತಕ್ಕಡಿ. ಈ ತೂಕ ಸದಾ ಸರಿಯಾಗಿರುತ್ತದೆಂದು ಯಾರೂ ಹೇಳಲಾರರು. ಸರಕಾರ ಎಚ್ಚೆತ್ತಿದ್ದು ತಡವಾಯಿತೆಂಬುದು ಒಂದು ಕಡೆಯವರ ದೂರು. 2022 ಮತ್ತು 2023ರ ಕಾಯ್ದೆಗಳು ಪೊಲೀಸರಿಗೆ ಹೆಚ್ಚು ಅಧಿಕಾರ ಕೊಟ್ಟು ಪ್ರತಿಭಟನೆಯ ಹಕ್ಕನ್ನೇ ಕುಗ್ಗಿಸಿದವೆಂಬುದು ಇನ್ನೊಂದು ಕಡೆಯವರ ಅಳಲು. ಎರಡರಲ್ಲೂ ಸತ್ಯಾಂಶವಿದೆ.

ಓದಲು, ದುಡಿಯಲು ಇಲ್ಲಿಗೆ ಬರಲಿರುವವರು ಈ ವ್ಯತ್ಯಾಸವನ್ನು ಚೆನ್ನಾಗಿ ಅರಿತಿರಬೇಕು. ವಿದ್ಯಾರ್ಥಿ ವೀಸಾದಲ್ಲಿರುವವರು ಶಾಂತಿಯುತ ಮೆರವಣಿಗೆಯಲ್ಲಿ ನಡೆದರೆ ಅದು ಅಪರಾಧವಲ್ಲ. ಆದರೆ ಪೊಲೀಸರು ಗೊತ್ತುಮಾಡಿದ ಹಾದಿ, ಹೊತ್ತುಗಳನ್ನು ಮೀರಬಾರದು. ‘ನನಗೆ ತಿಳಿದಿರಲಿಲ್ಲ’ ಎಂಬ ಸಬೂಬು ಈಗ ಸುಲಭಕ್ಕೆ ನಡೆಯದು. ನಿಷೇಧಿತ ಸಂಘಟನೆಯ ಬೆಂಬಲಿಗನೆಂಬ ಅನುಮಾನ ಹುಟ್ಟಿಸುವ ಬಾವುಟ ಹಿಡಿದರೆ ಆರು ತಿಂಗಳವರೆಗೆ, ಅದಕ್ಕೆ ಬೆಂಬಲ ಕೋರಿದರೆ ಹದಿನಾಲ್ಕು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಹನ್ನೆರಡು ತಿಂಗಳು ಅಥವಾ ಹೆಚ್ಚಿನ ಶಿಕ್ಷೆಯಾದ ವಿದೇಶಿಯರನ್ನು ಸಾಮಾನ್ಯವಾಗಿ ಗಡೀಪಾರು ಮಾಡಲಾಗುತ್ತದೆ. ಪಕ್ಕದವರು ಕೊಟ್ಟರೆಂದು ಏನನ್ನೋ ಎತ್ತಿ ಹಿಡಿಯುವ ಮುನ್ನ ಅದೇನೆಂದು ಓದಿ. ನಿಷೇಧಿತರ ಪಟ್ಟಿ ಸರಕಾರದ ಜಾಲತಾಣದಲ್ಲಿದೆ.

ಇನ್ನೊಂದು ಸಂಗತಿ ನಮ್ಮವರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಕಾಮನ್‌ವೆಲ್ತ್ ಪ್ರಜೆಗಳಾದ ಭಾರತೀಯರು ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದು ಹದಿನೆಂಟು ತುಂಬಿದ್ದರೆ, ಹೆಸರು ನೋಂದಾಯಿಸಿ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕಬಹುದು. ಈ ಕಾನೂನುಗಳನ್ನು ಮಾಡುವವರನ್ನು ಆರಿಸುವಲ್ಲಿ ನಮಗೂ ಪಾಲಿದೆ.

ಅಂದು ಅಮ್ಮನಿಗೆ ಇಷ್ಟನ್ನೆಲ್ಲ ವಿವರಿಸಲಿಲ್ಲ. ‘ಗಲಾಟೆ ಒಂದೆರಡು ಬೀದಿಗಳಲ್ಲಷ್ಟೇ ಅಮ್ಮ, ನಾನು ಈಗ ತಾನೇ ತರಕಾರಿ ತಂದೆ’ ಎಂದೆ. ಅವರು ಮಾತು ಬದಲಿಸಿ, ರಾತ್ರಿಗೆ ಏನು ಅಡುಗೆ ಎಂದು ಕೇಳಿದರು.