ಎರಡಾಣೆಯ ಉತ್ತರ

“ದುಡ್ಡು ನನ್ನ ಕೈಯಲ್ಲಿ ನಿಲ್ಲುವುದಿಲ್ಲ”, “ಕುಡಿತ ಬಿಡುವುದು ನನ್ನಿಂದ ಆಗ್ಲಿಕ್ಕಿಲ್ಲ”, “ಬೇಗ ಏಳುವುದು ನನ್ನ ಹಣೆಯಲ್ಲೇ ಬರೆದಿಲ್ಲ”. ಉಡುಪಿ, ಕಾರ್ಕಳದ ಕಡೆ ಇಂಥ ಮಾತುಗಳನ್ನು ಜನ ಬೇರೆಯವರಿಗೆ ಹೇಳುವುದಕ್ಕಿಂತ ಹೆಚ್ಚಾಗಿ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಇದನ್ನು ಓಡಿಸಲು ಎಲ್ಲರೂ ಕೊಡುವ ಸಲಹೆ ಒಂದೇ: ಕನ್ನಡಿಯ ಮುಂದೆ ನಿಂತು ನಿಮ್ಮನ್ನು ನೀವೇ ಹೊಗಳಿಕೊಳ್ಳಿ. ಕೆನಡಾದ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಲಹೆಯನ್ನೇ ಪರೀಕ್ಷಿಸಿತು. ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇದ್ದವರು “ನಾನು ಪ್ರೀತಿಗೆ ಅರ್ಹ” ಎಂದು ಮತ್ತೆ ಮತ್ತೆ ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ನಂಬಲಾಗದ ಹೊಗಳಿಕೆ ಕಿವಿಗೆ ಬಿದ್ದೊಡನೆ ಮನಸ್ಸು ಹಳೆಯ ಸೋಲುಗಳನ್ನೆಲ್ಲ ಎತ್ತಿ ತೋರಿಸತೊಡಗುತ್ತದೆ. ಹಾಗಾಗಿ ಒಳಮಾತಿಗೆ ಇನ್ನೊಂದು ಮಾತು ಉತ್ತರವಾಗದು. ಅದಕ್ಕೆ ಬೇಕಾದದ್ದು ಪುರಾವೆ.

ಪುರಾವೆ ಹುಟ್ಟಿಸುವುದು ಹೇಗೆಂಬುದಕ್ಕೆ ಒಳ್ಳೆಯ ಪಾಠ ಉಡುಪಿಯಲ್ಲೇ ಇದೆ. ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಸೇರಿ 1925ರಲ್ಲಿ ಇಲ್ಲಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, ಮಣಿಪಾಲ ಅದರ ಕೇಂದ್ರವಾಯಿತು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ತಂದಿತು. ಏಜೆಂಟರು ದಿನವೂ ಬಾಗಿಲಿಗೇ ಬಂದು ಎರಡಾಣೆಯಷ್ಟು ಪುಟ್ಟ ಮೊತ್ತವನ್ನೂ ಪಡೆದು ಲೆಕ್ಕಕ್ಕೆ ಬರೆಯುತ್ತಿದ್ದರು. ಎಂಟು ದಿನಕ್ಕೆ ಒಂದು ರೂಪಾಯಿ, ವರ್ಷ ತುಂಬಿದರೆ ನಲವತ್ತೈದು ರೂಪಾಯಿಗೂ ಮೇಲೆ. ಉಳಿತಾಯದ ಮಹತ್ವ ಕುರಿತ ಯಾವ ಭಾಷಣಕ್ಕೂ ಇಲ್ಲದ ಬಲ ಈ ಲೆಕ್ಕಕ್ಕಿದೆ. ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ ಎನ್ನುವವನ ಹೆಸರಿನಲ್ಲೇ, ಅವನೇ ಕೊಟ್ಟ ದುಡ್ಡು ನಿಂತಿರುವುದು ಅಲ್ಲಿ ಕಾಣುತ್ತದೆ. ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸಿದ್ಧಾಂತವೂ ಇದನ್ನೇ ಹೇಳುತ್ತದೆ: “ನನ್ನಿಂದ ಆಗುತ್ತದೆ” ಎಂಬ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿಯಾದ ಆಧಾರ ಸ್ವತಃ ಮಾಡಿ ಗೆದ್ದ ಅನುಭವ, ಪರರ ಉತ್ತೇಜನ ಅದರಷ್ಟು ಗಟ್ಟಿಯಲ್ಲ.

ಹಾಗಾದರೆ ಕೆಲಸ ಮಾಡಿದ್ದು ಬಾಗಿಲಿಗೆ ಬಂದ ಏಜೆಂಟ್, ಒಳಮಾತಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಮೊದಲು ಏರ್ಪಾಡು, ಆಮೇಲೆ ನಂಬಿಕೆ. ಈ ಕ್ರಮವನ್ನು ಒಪ್ಪಲೇಬೇಕು. ಆದರೆ ಎಂಥ ಏರ್ಪಾಡಿನಲ್ಲೂ ಒಂದು ದಿನ ತಪ್ಪುತ್ತದೆ. ಒಳಮಾತು ಹೊಂಚು ಹಾಕುವುದು ಆ ದಿನಕ್ಕೇ. ಕುಡಿತ ಬಿಡುವವರನ್ನೇ ನೋಡಿ. ಕಾರ್ಕಳ, ಕಾಪು ಸೇರಿ ಕರಾವಳಿಯಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಸ್ಥಳೀಯರೊಡನೆ ಸೇರಿ ನಡೆಸುವ ಮದ್ಯವರ್ಜನ ಶಿಬಿರಗಳು ಸಾಮಾನ್ಯವಾಗಿ ಎಂಟು ದಿನದವು. ಶಿಬಿರ ಮುಗಿದ ಮೇಲೂ ಕುಡಿತ ಬಿಟ್ಟವರೆಲ್ಲ ನವಜೀವನ ಸಮಿತಿಯಲ್ಲಿ ಕೂಡುವ ವ್ಯವಸ್ಥೆ ಇಟ್ಟಿರುವುದು ವಿವೇಕದ ಕೆಲಸ. ಮದುವೆಮನೆಯಲ್ಲಿ ಒಂದು ಗ್ಲಾಸು ಕುಡಿದವನಿಗೆ ಆ ಗ್ಲಾಸಿಗಿಂತ ಹೆಚ್ಚು ಹಾನಿ ಮಾಡುವುದು “ಹೇಗೂ ಕೆಟ್ಟೆ, ಇನ್ನೇನು” ಎಂಬ ತೀರ್ಮಾನ. ಲಂಡನ್ನಿನ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಅವರ ತಂಡ 96 ಮಂದಿಯ, ನೀರು ಕುಡಿಯುವಂಥ ದಿನನಿತ್ಯದ ಸಣ್ಣ ಅಭ್ಯಾಸಗಳನ್ನು ಹಿಂಬಾಲಿಸಿ ನೋಡಿತು. ಅಭ್ಯಾಸ ಮೈಗೂಡಲು ಹಿಡಿದ ಕಾಲ 18ರಿಂದ 254 ದಿನ, ನಡುವಿನ ಅಂಕಿ 66. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಿರಲಿಲ್ಲ. ನೀರು ಕುಡಿಯುವ ಅಭ್ಯಾಸಕ್ಕೂ ಮದ್ಯ ಬಿಡುವುದಕ್ಕೂ ಬಹಳ ಅಂತರವಿದೆ, ನಿಜ. ಆದರೂ ಒಂದು ತಪ್ಪನ್ನು ಪೂರ್ತಿ ಸೋಲೆಂದು ಓದಿಕೊಳ್ಳುವುದು ಎರಡು ಕಡೆಯೂ ತಪ್ಪು ಓದು.

ತನ್ನನ್ನು ಬೈದುಕೊಳ್ಳದಿದ್ದರೆ ಮನುಷ್ಯ ಸಡಿಲಾಗುತ್ತಾನೆ ಎಂಬ ಆಕ್ಷೇಪ ನಮ್ಮ ಮನೆ, ಶಾಲೆಗಳಲ್ಲಿ ಆಳವಾಗಿ ಕೂತಿದೆ. ಆದರೆ ಮನೋವಿಜ್ಞಾನಿಗಳಾದ ಜೂಲಿಯಾನಾ ಬ್ರೈನ್ಸ್, ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಠಿಣ ಪರೀಕ್ಷೆಯಲ್ಲಿ ಎಡವಿದ ಬಳಿಕ ತಮ್ಮ ಮೇಲೆ ಕರುಣೆ ತೋರಿಕೊಳ್ಳುವಂತೆ ಪ್ರೇರೇಪಿಸಲ್ಪಟ್ಟ ವಿದ್ಯಾರ್ಥಿಗಳೇ ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು. “ಇವತ್ತು ಓದಲಿಲ್ಲ” ಎಂಬುದು ವರದಿ; ಅದನ್ನು ಮುಚ್ಚಿಡಬಾರದು. “ನಾನು ಯಾವುದಕ್ಕೂ ಬಾರದವನು” ಎಂಬುದು ಶಿಕ್ಷೆ. ಅದರಿಂದ ನಾಳೆ ಒಂದು ಪುಟವೂ ಹೆಚ್ಚು ಓದಿದಂತಾಗುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ನನ್ನ ಪೂರ್ಣ ಸಮ್ಮತಿಯಿದೆ: ಎಲ್ಲವೂ ಮನಸ್ಸಿನ ಮಾತಿನ ಆಟವಲ್ಲ. ಮದ್ಯವ್ಯಸನ ಒಂದು ಕಾಯಿಲೆ. ವರ್ಷಗಟ್ಟಲೆ ದಿನವೂ ಕುಡಿದವರು ಏಕಾಏಕಿ ನಿಲ್ಲಿಸಿದರೆ ನಡುಕ, ಅಪಸ್ಮಾರ, ಪ್ರಾಣಾಪಾಯವೂ ಬರಬಹುದು. ಅಂಥವರನ್ನು “ಮನಸ್ಸು ಗಟ್ಟಿ ಮಾಡಿಕೊ” ಎಂದು ಮನೆಯಲ್ಲಿ ಕೂರಿಸಬೇಡಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲೂ ಉಡುಪಿಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಒಳಮಾತು “ಬದುಕಿ ಪ್ರಯೋಜನವಿಲ್ಲ” ಎನ್ನುವವರೆಗೆ ಹೋಗಿದ್ದರೆ ನಾಳೆಗೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲುರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.