ಸೆಕೆಂಡಿನ ಸಾವಿರದ ಒಂದು ಭಾಗ: ಡೆವರ್ಸ್ ಗೆದ್ದರು, ಓಟಿ ಸೋತರು - ತೀರ್ಮಾನವಾದದ್ದು ಹೇಗೆ?

ಶಾಲಾ ಕ್ರೀಡಾಕೂಟದ ನೂರು ಮೀಟರ್ ಓಟ ಮುಗಿಯುತ್ತಿದ್ದಂತೆ ಗೆರೆಯ ಬಳಿ ಒಂದು ಸಣ್ಣ ಜಗಳ ಹುಟ್ಟುವುದು ನಮ್ಮೂರುಗಳಲ್ಲಿ ಹೊಸದೇನಲ್ಲ. "ನಮ್ಮ ಹುಡುಗಿಯ ಕಾಲು ಮೊದಲು ಗೆರೆ ದಾಟಿತು" ಎಂದು ಒಬ್ಬರು, "ಇಲ್ಲ, ಕೈ ಮುಟ್ಟಿದ್ದು ಇವಳದೇ" ಎಂದು ಇನ್ನೊಬ್ಬರು. ಡ್ರಿಲ್ ಮಾಸ್ತರರು ಸೀಟಿ ಊದಿ ಎಲ್ಲರನ್ನೂ ಸುಮ್ಮನಾಗಿಸಬೇಕು. ಸೋತ ಮಗು ಮನೆಗೆ ಹೋದ ಮೇಲೂ ಅಳು ನಿಲ್ಲಿಸುವುದಿಲ್ಲ.

ಇಂಥದ್ದೇ ಜಗಳ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ನಡೆದರೆ? ನಡೆದಿದೆ. 1993ರ ಆಗಸ್ಟ್ 16ರಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಮಹಿಳೆಯರ 100 ಮೀಟರ್ ಓಟದ ಫೈನಲ್. ಅಮೆರಿಕದ ಗೇಲ್ ಡೆವರ್ಸ್ 10.82 ಸೆಕೆಂಡು. ಜಮೈಕಾದ ಮರ್ಲೀನ್ ಓಟಿ 10.82 ಸೆಕೆಂಡು. ಫಲಕದಲ್ಲಿ ಇಬ್ಬರಿಗೂ ಒಂದೇ ಸಮಯ. ಆದರೆ ಚಿನ್ನ ಡೆವರ್ಸ್‌ಗೆ, ಬೆಳ್ಳಿ ಓಟಿಗೆ! ಸಮಯ ಒಂದೇ ಆದ ಮೇಲೆ ಪದಕ ಬೇರೆ ಆದದ್ದು ಹೇಗೆ? ಅದನ್ನೇ ಇಲ್ಲಿ ಬಿಡಿಸಿ ನೋಡೋಣ.

ಇಬ್ಬರು ಓಟಗಾರ್ತಿಯರು

ಮೊದಲು ಆ ಇಬ್ಬರ ಪರಿಚಯ. ಮರ್ಲೀನ್ ಓಟಿ ಅವರಿಗೆ ಆಗ 33 ವರ್ಷ. 1980ರ ಮಾಸ್ಕೋ ಒಲಿಂಪಿಕ್ಸ್‌ನ 200 ಮೀಟರ್‌ನಲ್ಲಿ ಕಂಚು ಗೆದ್ದು ಹೆಸರು ಮಾಡಿದವರು. ಆ ಮೇಲೆ ಪದಕಗಳು ಬರುತ್ತಲೇ ಇದ್ದವು. ಆದರೆ ಬಹುಪಾಲು ಕಂಚು. 1987ರ ರೋಮ್ ವಿಶ್ವ ಕೂಟದಲ್ಲಿ ಎರಡು ಕಂಚು, 1991ರ ಟೋಕಿಯೋದಲ್ಲಿ ಮತ್ತೆ ಎರಡು ಕಂಚು. ಟೋಕಿಯೋದಲ್ಲಿ ರಿಲೇ ತಂಡದೊಂದಿಗೆ ಚಿನ್ನ ಸಿಕ್ಕಿತ್ತು. ಈ ಕೂಟದಲ್ಲಿ ಒಬ್ಬರೇ ಓಡಿ ಗೆದ್ದ ಚಿನ್ನ ಮಾತ್ರ ಇನ್ನೂ ಬಂದಿರಲಿಲ್ಲ. ಜನ ಅವರನ್ನು ಕಂಚಿನ ರಾಣಿ ಎಂದೇ ಕರೆಯತೊಡಗಿದ್ದರು.

ಗೇಲ್ ಡೆವರ್ಸ್ ಕಥೆ ಬೇರೆಯೇ. ಥೈರಾಯ್ಡ್ ಗ್ರಂಥಿಗೆ ಬರುವ ಗ್ರೇವ್ಸ್ ಕಾಯಿಲೆ ಅವರನ್ನು ಹಾಸಿಗೆ ಹಿಡಿಸಿತ್ತು. ಚಿಕಿತ್ಸೆಯ ಹೊತ್ತಿನಲ್ಲಿ ಪಾದಗಳು ಊದಿಕೊಂಡು ನಡೆಯಲೂ ಆಗದೆ, 1991ರಲ್ಲಿ ಕಾಲು ಕತ್ತರಿಸಬೇಕಾದೀತು ಎನ್ನುವಲ್ಲಿಗೆ ಬಂದಿತ್ತು. ಅಲ್ಲಿಂದ ಎದ್ದು ಬಂದು ಮರುವರ್ಷವೇ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದರು. ಆ ಓಟದ ಲೆಕ್ಕ ನೋಡಿ: ಡೆವರ್ಸ್ 10.82, ಎರಡನೆಯ ಜೂಲಿಯೆಟ್ ಕತ್ಬರ್ಟ್ 10.83, ಮೂರನೆಯ ಇರಿನಾ ಪ್ರಿವಲೋವಾ 10.84, ನಾಲ್ಕನೆಯ ಗ್ವೆನ್ ಟೊರೆನ್ಸ್ 10.86, ಐದನೆಯ ಓಟಿ 10.88. ಮೊದಲಿನಿಂದ ಐದರವರೆಗೆ ಅಂತರ ಸೆಕೆಂಡಿನ ನೂರರಲ್ಲಿ ಆರು ಭಾಗ ಮಾತ್ರ. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ.

ಸ್ಟುಟ್‌ಗಾರ್ಟ್‌ನಲ್ಲಿ ಈ ಇಬ್ಬರು ಮತ್ತೆ ಎದುರಾದರು. ಡೆವರ್ಸ್‌ಗೆ ಬ್ಲಾಕ್‌ನಿಂದ ಚಿಮ್ಮುವ ಬಲ, ಓಟಿಗೆ ಕೊನೆಯ ಮೀಟರ್‌ಗಳ ಬಲ. ಮುಂದೆ ಹೋದ ಡೆವರ್ಸ್‌ರನ್ನು ಓಟಿ ಹಿಡಿಯುತ್ತಾ ಹಿಡಿಯುತ್ತಾ ಬಂದರು. ಗೆರೆಯ ಮೇಲೆ ಇಬ್ಬರೂ ಒಟ್ಟಿಗೆ. ಬರಿಗಣ್ಣಿಗೆ ತೀರ್ಪು ಹೇಳಲು ಸಾಧ್ಯವೇ ಇರಲಿಲ್ಲ. ಫೋಟೋ ಫಿನಿಶ್ ಚಿತ್ರ ಓದಿದಾಗ ಬಂದ ಲೆಕ್ಕ: ಡೆವರ್ಸ್ 10.811, ಓಟಿ 10.812. ಮೂರನೆಯ ಸ್ಥಾನ ಅಮೆರಿಕದ ಟೊರೆನ್ಸ್‌ಗೆ, 10.89.

10.811 ಹೇಗೆ 10.82 ಆಯಿತು?

ಇಲ್ಲಿ ಹಲವರಿಗೆ ಗೊಂದಲವಾಗುತ್ತದೆ. ನಾವು ಶಾಲೆಯಲ್ಲಿ ಕಲಿತ ಲೆಕ್ಕದ ಪ್ರಕಾರ 10.811 ಅನ್ನು ಹತ್ತಿರದ ಅಂಕಿಗೆ ತಂದರೆ 10.81 ಆಗಬೇಕು. ಅಥ್ಲೆಟಿಕ್ಸ್ ನಿಯಮ ಹಾಗಿಲ್ಲ. ಮೂರನೆಯ ದಶಾಂಶ ಸೊನ್ನೆ ಅಲ್ಲದಿದ್ದರೆ ಸಮಯವನ್ನು ಯಾವಾಗಲೂ ಮೇಲಕ್ಕೇ ಏರಿಸುತ್ತಾರೆ. ಅಂದರೆ 10.811 ಇರಲಿ, 10.819 ಇರಲಿ, ಫಲಕದಲ್ಲಿ ಬರುವುದು 10.82. ಓಡಿದ್ದಕ್ಕಿಂತ ಉತ್ತಮ ಸಮಯ ಯಾರ ಹೆಸರಿಗೂ ಬರಬಾರದು ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಹಾಗಾಗಿ ದಾಖಲೆ ಪುಸ್ತಕಕ್ಕೆ ನೂರನೆಯ ಭಾಗ ಸಾಕು. ಸಾವಿರದ ಭಾಗವನ್ನು ತೆಗೆದು ನೋಡುವುದು ಯಾರು ಮುಂದೆ ಎಂದು ತೀರ್ಮಾನಿಸಬೇಕಾದಾಗ ಮಾತ್ರ. ಸ್ಟುಟ್‌ಗಾರ್ಟ್‌ನಲ್ಲಿ ಆದದ್ದು ಅದೇ. ಸಮಯ ಸಮ, ಸ್ಥಾನ ಬೇರೆ.

ಸಾವಿರದ ಒಂದು ಭಾಗ ಅಂದರೆ ಎಷ್ಟು? ಈ ಮಟ್ಟದ ಓಟಗಾರ್ತಿ ಗೆರೆ ದಾಟುವಾಗ ಸೆಕೆಂಡಿಗೆ ಸುಮಾರು ಹತ್ತು ಮೀಟರ್ ವೇಗದಲ್ಲಿರುತ್ತಾಳೆ. ಸಾವಿರದಿಂದ ಭಾಗಿಸಿದರೆ ಒಂದು ಸೆಂಟಿಮೀಟರ್. ನೂರು ಮೀಟರ್ ಓಡಿ, ಕೊನೆಗೆ ನಿಮ್ಮ ಕಿರುಬೆರಳಿನ ಅಗಲದಲ್ಲಿ ಚಿನ್ನ ತಪ್ಪಿತು!

ಗೆರೆ ದಾಟುವುದು ಯಾವುದು? ಕಾಲೋ, ತಲೆಯೋ?

ಎರಡೂ ಅಲ್ಲ. ನಿಯಮ ಹೇಳುವುದು ಮುಂಡವನ್ನು. ಕುತ್ತಿಗೆಯ ಕೆಳಗಿನ ದೇಹ, ಅಂದರೆ ಎದೆ, ಹೊಟ್ಟೆಯ ಭಾಗ. ತಲೆ, ಕುತ್ತಿಗೆ, ಕೈ, ಕಾಲು, ಪಾದ ಇವು ಯಾವುವೂ ಲೆಕ್ಕಕ್ಕಿಲ್ಲ. ಮುಂಡದ ಯಾವುದಾದರೂ ಭಾಗ ಗೆರೆಯ ಓಟಗಾರರ ಕಡೆಗಿನ ಅಂಚನ್ನು ತಲುಪಿದ ಕ್ಷಣವೇ ಓಟ ಮುಗಿದ ಕ್ಷಣ. ಗೆರೆಯ ಆಚೆ ಅಂಚಿಗೆ ಕಾಯಬೇಕಾಗಿಲ್ಲ.

ಒಳ್ಳೆಯ ಓಟಗಾರರು ಕೊನೆಯ ಹೆಜ್ಜೆಯಲ್ಲಿ ಎದೆಯನ್ನು ಮುಂದಕ್ಕೆ ಬಾಗಿಸುವುದು ಇದಕ್ಕಾಗಿ. ಬೇಗ ಬಾಗಿದರೆ ಹೆಜ್ಜೆ ತಪ್ಪಿ ವೇಗ ಇಳಿಯುತ್ತದೆ, ತಡವಾಗಿ ಬಾಗಿದರೆ ಅಷ್ಟರಲ್ಲಿ ಪಕ್ಕದವಳು ದಾಟಿರುತ್ತಾಳೆ.

ಫೋಟೋ ಅಂದರೆ ನಾವು ತಿಳಿದ ಫೋಟೋ ಅಲ್ಲ

ಫೋಟೋ ಫಿನಿಶ್ ಎಂದರೆ ಮದುವೆ ಮನೆಯಲ್ಲಿ ತೆಗೆಯುವಂಥ ಒಂದು ಚಿತ್ರ ಎಂದು ತಿಳಿದವರು ಬಹಳ. ಹಾಗಲ್ಲ.

ಮನೆಯ ಬಾಗಿಲು ಮುಚ್ಚಿ, ಸಣ್ಣ ಸಂದಿಯಿಂದ ಬೀದಿಯ ಮೆರವಣಿಗೆ ನೋಡುತ್ತಿದ್ದೀರಿ ಎಂದುಕೊಳ್ಳಿ. ನಿಮಗೆ ಕಾಣುವುದು ಸಂದಿಯ ಎದುರಿನ ಒಂದು ಗೆರೆಯಷ್ಟು ಜಾಗ ಮಾತ್ರ. ಮೊದಲು ಆನೆಯ ಸೊಂಡಿಲು, ಮತ್ತೆ ಕಿವಿ, ಮತ್ತೆ ಹೊಟ್ಟೆ, ಕೊನೆಗೆ ಬಾಲ. ಹೀಗೆ ಕಂಡದ್ದನ್ನೆಲ್ಲ ಪಟ್ಟಿ ಪಟ್ಟಿಯಾಗಿ ಒಂದರ ಪಕ್ಕ ಒಂದು ಅಂಟಿಸಿದರೆ ಇಡೀ ಆನೆ ಸಿಗುತ್ತದೆ. ಗೆರೆಯ ಕ್ಯಾಮೆರಾ ಮಾಡುವುದೂ ಇಷ್ಟೇ. ಅದು ಮುಕ್ತಾಯದ ಗೆರೆಯನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಆ ಒಂದೇ ಗೆರೆಯನ್ನು ಸೆಕೆಂಡಿಗೆ ಸಾವಿರಾರು ಸಲ ಹಿಡಿದು ಪಕ್ಕ ಪಕ್ಕ ಜೋಡಿಸುತ್ತದೆ. 2020ರ ಹೆಸರಿನಲ್ಲಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬಳಸಿದ ಕ್ಯಾಮೆರಾ ಸೆಕೆಂಡಿಗೆ 10,000 ಪಟ್ಟಿ ಹಿಡಿಯುತ್ತಿತ್ತು. 2024ರ ಪ್ಯಾರಿಸ್‌ನಲ್ಲಿ ಅದು 40,000ಕ್ಕೆ ಏರಿತು.

ಆದ್ದರಿಂದ ಈ ಚಿತ್ರದಲ್ಲಿ ಎಡದಿಂದ ಬಲಕ್ಕೆ ಇರುವುದು ದೂರ ಅಲ್ಲ, ಸಮಯ. ಚಿತ್ರದ ಪ್ರತಿ ಬಿಂದುವೂ ಗೆರೆಯ ಮೇಲೆಯೇ ತೆಗೆದದ್ದು. ಗೆರೆಯ ಮೇಲೆ ಊರಿ ನಿಂತ ಪಾದ ಹೆಚ್ಚು ಹೊತ್ತು ಅಲ್ಲೇ ಇರುವುದರಿಂದ ಚಿತ್ರದಲ್ಲಿ ಉದ್ದಕ್ಕೆ ಎಳೆದಂತೆ ಕಾಣುತ್ತದೆ. ತೀರ್ಪುಗಾರರು ಕಂಪ್ಯೂಟರ್ ಪರದೆಯಲ್ಲಿ ಒಂದು ನೆಟ್ಟ ಗೆರೆಯನ್ನು ಸರಿಸುತ್ತಾ ಪ್ರತಿ ಓಟಗಾರ್ತಿಯ ಎದೆಯ ಮುಂದಿನ ಅಂಚಿಗೆ ತಂದು ನಿಲ್ಲಿಸುತ್ತಾರೆ. ಅಲ್ಲಿ ತೋರುವ ಅಂಕಿಯೇ ಅವಳ ಸಮಯ. ಯಂತ್ರ ಚಿತ್ರ ಕೊಡುತ್ತದೆ, ಎದೆ ಎಲ್ಲಿದೆ ಎಂದು ಓದಬೇಕಾದದ್ದು ಮನುಷ್ಯನೇ.

ಸಾವಿರದ ಭಾಗವೂ ಸಮವಾದರೆ?

ಅದೂ ಆಗಿದೆ. 2012ರ ಜೂನ್‌ನಲ್ಲಿ ಅಮೆರಿಕದ ಒಲಿಂಪಿಕ್ ಆಯ್ಕೆ ಕೂಟದ ಮಹಿಳೆಯರ 100 ಮೀಟರ್‌ನಲ್ಲಿ ಮೂರನೆಯ ಸ್ಥಾನಕ್ಕೆ ಆಲಿಸನ್ ಫೆಲಿಕ್ಸ್ ಮತ್ತು ಜೆನೆಬಾ ಟಾರ್ಮೋ ಇಬ್ಬರದೂ 11.068. ಲಂಡನ್‌ಗೆ ಹೋಗುವುದು ಮೂವರು ಮಾತ್ರ. ಮೊದಲು ಟಾರ್ಮೋ ಮೂರನೆಯವರು ಎಂದು ಘೋಷಿಸಿ, ಚಿತ್ರವನ್ನು ಮತ್ತೆ ಓದಿದ ಮೇಲೆ ಸಮ ಎಂದರು. ಇಂಥ ಸಂದರ್ಭಕ್ಕೆ ಅಲ್ಲಿನ ಸಂಸ್ಥೆಯ ಬಳಿ ನಿಯಮವೇ ಇರಲಿಲ್ಲ. ನಾಣ್ಯ ಚಿಮ್ಮುವುದೋ, ಇಬ್ಬರೇ ಮತ್ತೆ ಓಡುವುದೋ ಎಂಬ ದಾರಿ ಹುಡುಕಿದರು. ಕೊನೆಗೆ ಟಾರ್ಮೋ ಮರು ಓಟದಿಂದ ಹಿಂದೆ ಸರಿದರು, ಸ್ಥಾನ ಫೆಲಿಕ್ಸ್‌ಗೆ ಹೋಯಿತು.

2007ರ ಒಸಾಕಾ ವಿಶ್ವ ಕೂಟದಲ್ಲೂ ಜಮೈಕಾದ ವೆರೋನಿಕಾ ಕ್ಯಾಂಬೆಲ್, ಅಮೆರಿಕದ ಲಾರಿನ್ ವಿಲಿಯಮ್ಸ್ ಇಬ್ಬರದೂ 11.01. ಮೂರನೆಯ ಕಾರ್ಮೆಲಿಟಾ ಜೀಟರ್ 11.02. ಅಲ್ಲಿ ಚಿತ್ರದ ತೀರ್ಪು ಕ್ಯಾಂಬೆಲ್ ಕಡೆಗೆ ಬಂತು.

ನಮ್ಮ ಪಕ್ಕದ ಊರಿನ ನೂರನೆಯ ಭಾಗ

ಮಂಗಳೂರಿನಿಂದ ಕಾಸರಗೋಡು ಹಾದು ಕಲ್ಲಿಕೋಟೆಗೆ ಹೋಗುವ ರೈಲಿನಲ್ಲಿ ವಡಗರ ದಾಟಿದ ಮೇಲೆ ಸಿಗುವ ಊರು ಪಯ್ಯೋಳಿ. ಪಿ.ಟಿ. ಉಷಾ ಅವರ ಊರು. 1984ರ ಆಗಸ್ಟ್ 8ರಂದು ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಅವರ ಸಮಯ 55.42. ಕಂಚು ಗೆದ್ದ ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು ಸಮಯ 55.41. ದಣಿದ ಆ ಕೊನೆಯ ಮೀಟರ್‌ಗಳ ವೇಗದಲ್ಲಿ ನೂರನೆಯ ಒಂದು ಭಾಗ ಎಂದರೆ ಸುಮಾರು ನಾಲ್ಕು ಬೆರಳಗಲ. ಗೆರೆಯ ಮೇಲೆ ಎದೆಯನ್ನು ಮುಂದೆ ಚಾಚದೆ ಹೋದೆ ಎಂಬುದು ಉಷಾ ಅವರೇ ಹೇಳಿಕೊಂಡ ಕೊರಗು. ಮರುವರ್ಷ ಜಕಾರ್ತಾದ ಏಷ್ಯನ್ ಕೂಟದಲ್ಲಿ ಐದು ಚಿನ್ನ ಗೆದ್ದರೂ, ಜನ ಇಂದಿಗೂ ನೆನೆಯುವುದು ಆ ನಾಲ್ಕು ಬೆರಳನ್ನೇ.

ನಮ್ಮ ಮೈದಾನದಲ್ಲಿ ಮಾಡಬಹುದಾದದ್ದು

ಹಳ್ಳಿಯ ಮೈದಾನಕ್ಕೆ ಇಂಥ ಕ್ಯಾಮೆರಾ ಬರುವುದಿಲ್ಲ, ಸರಿ. ಆದರೆ ಶಾಲೆಯಿಂದ ಉಪಜಿಲ್ಲೆ, ಉಪಜಿಲ್ಲೆಯಿಂದ ಜಿಲ್ಲೆ ಎಂದು ಮೇಲೇರುವ ಮಕ್ಕಳಿಗೆ ಮೊದಲ ಮೆಟ್ಟಿಲಲ್ಲೇ ತಪ್ಪು ತೀರ್ಪು ಬಂದರೆ ಮುಂದಿನ ದಾರಿ ಅಲ್ಲಿಗೇ ಮುಚ್ಚುತ್ತದೆ. ಖರ್ಚಿಲ್ಲದೆ ಪಾಲಿಸಬಹುದಾದ ಕೆಲವು ನಿಯಮಗಳಿವೆ.

ತೀರ್ಪುಗಾರರು ಗೆರೆಗೆ ನೇರವಾಗಿ, ಪಕ್ಕದಲ್ಲಿ ಐದು ಮೀಟರ್‌ನಷ್ಟು ದೂರ, ಸ್ವಲ್ಪ ಎತ್ತರದಲ್ಲಿ ನಿಲ್ಲಬೇಕು. ಒಂದು ಬೆಂಚು ಸಾಕು. ಗೆರೆಯ ಹಿಂದೆ ಎದುರಿಗೆ ನಿಂತವರಿಗೆ ಯಾರು ಮುಂದೆ ಎಂಬುದು ಸರಿಯಾಗಿ ಕಾಣುವುದಿಲ್ಲ.

ಸ್ಟಾಪ್‌ವಾಚ್ ಒತ್ತಬೇಕಾದದ್ದು ಪಿಸ್ತೂಲಿನ ಹೊಗೆ ಅಥವಾ ಮಿಂಚು ಕಂಡಾಗ, ಸದ್ದು ಕೇಳಿದಾಗ ಅಲ್ಲ. ಸದ್ದು ನೂರು ಮೀಟರ್ ದಾಟಿ ಬರಲು ಸೆಕೆಂಡಿನ ಹತ್ತರಲ್ಲಿ ಮೂರು ಭಾಗದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಓಡುವ ಮಗು ಎರಡು ಮೀಟರ್ ದಾಟಬಲ್ಲದು. ಚಪ್ಪಾಳೆ ಹಲಗೆ ಬಳಸುವಲ್ಲಿ ಹಲಗೆ ಮುಚ್ಚುವುದನ್ನು ಕಣ್ಣಿಂದ ನೋಡಿ ಒತ್ತಬೇಕು.

ಮೂವರು ಸಮಯ ಹಿಡಿದು ಮೂರೂ ಬೇರೆ ಬೇರೆಯಾದರೆ ನಡುವಿನದನ್ನು ತೆಗೆದುಕೊಳ್ಳಬೇಕು. ಇಬ್ಬರದು ಒಂದೇ ಆದರೆ ಅದೇ ಸಮಯ.

ಮಕ್ಕಳಿಗೆ ಹೇಳಬೇಕಾದದ್ದು ಒಂದೇ ಮಾತು: ಗೆರೆಯಲ್ಲಿ ನಿಲ್ಲಬೇಡಿ, ಗೆರೆಯ ಆಚೆ ಐದು ಮೀಟರ್‌ಗೆ ಓಡಿ. ಪಕ್ಕಕ್ಕೆ ತಿರುಗಿ ನೋಡಬೇಡಿ.

ಆಮೇಲೆ ಓಟಿ ಏನಾದರು?

ಸ್ಟುಟ್‌ಗಾರ್ಟ್ ತೀರ್ಪಿನ ವಿರುದ್ಧ ಜಮೈಕಾ ತಕರಾರು ಸಲ್ಲಿಸಿತು, ಅದು ತಿರಸ್ಕೃತವಾಯಿತು. ಆದರೆ ಪದಕ ಪ್ರದಾನದ ಹೊತ್ತಿಗೆ ಮೈದಾನದ ಜನ ಎದ್ದು ನಿಂತು ಬೆಳ್ಳಿಯ ಓಟಿಗೆ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಅದೇ ಕೂಟದ 200 ಮೀಟರ್‌ನಲ್ಲಿ ಓಟಿ 21.98 ಸೆಕೆಂಡಿನಲ್ಲಿ ಓಡಿ, 22.00 ತೆಗೆದುಕೊಂಡ ಟೊರೆನ್ಸ್‌ರನ್ನು ಹಿಂದಿಕ್ಕಿ ಕೊನೆಗೂ ಚಿನ್ನ ಗೆದ್ದರು.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ವಿಧಿ ಮತ್ತೆ ಅದೇ ಆಟ ಆಡಿತು. 100 ಮೀಟರ್ ಫೈನಲ್‌ನಲ್ಲಿ ಡೆವರ್ಸ್ 10.94, ಓಟಿ 10.94. ಮತ್ತೆ ಚಿತ್ರ, ಮತ್ತೆ ಡೆವರ್ಸ್‌ಗೆ ಚಿನ್ನ. ಓಟಿ ಒಟ್ಟು ಒಂಬತ್ತು ಒಲಿಂಪಿಕ್ ಪದಕ ಗೆದ್ದರು, ಮೂರು ಬೆಳ್ಳಿ, ಆರು ಕಂಚು. ಚಿನ್ನ ಒಂದೂ ಇಲ್ಲ. ಹಾಗೆಂದು ಓಟ ಬಿಡಲಿಲ್ಲ. ಮುಂದೆ ಸ್ಲೊವೇನಿಯಾ ದೇಶದ ಪರವಾಗಿ ಓಡಿದರು. 2012ರಲ್ಲಿ ಹೆಲ್ಸಿಂಕಿಯ ಯುರೋಪಿಯನ್ ಕೂಟದಲ್ಲಿ ರಿಲೇ ಓಡುವಾಗ ಅವರಿಗೆ 52 ವರ್ಷ!

ಒಂದು ಸೆಂಟಿಮೀಟರ್‌ನಲ್ಲಿ ಸೋತವರು ಆ ಮೇಲೆ ಹತ್ತೊಂಬತ್ತು ವರ್ಷ ಓಡಿದರು. ಮುಂದಿನ ಕ್ರೀಡಾಕೂಟದಲ್ಲಿ ಅಳುತ್ತಾ ಮನೆಗೆ ಬರುವ ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕೇ?